ನಾಲ್ಕು ಚೀಲ, ಕಾಲು ಚೀಲ

ಒಳಗಿನದನ್ನು ತೊಳೆಯುವುದು ಹೆಂಗಸರ ಪಾಲು.
ಗಂಡ ಕುರಿಯ ಎದೆಯಡಿ ಅಂಗೈ ತೂರುವಷ್ಟು ಸೀಳಿ,
ಕೈ ಒಳಗಿಟ್ಟು, ಮಹಾನಾಳ ಚಿವುಟಿದ,
ಒಂದು ಹನಿಯೂ ಹುಲ್ಲಿಗೆ ಸೋಕದ ಹಾಗೆ.
ಆಮೇಲೆ ಕೈ ಒರೆಸಿಕೊಂಡು ಎದ್ದುಹೋದ.
ಹೊಟ್ಟೆ ನನ್ನದಾಯಿತು.

ತಮಿರ್ ಹೊಳೆಯ ಅಂಚು ಆಗಲೇ ಹೆಪ್ಪುಗಟ್ಟಿದೆ.
ಹೊಳೆಯೊಳಗೆ ತೊಳೆಯಬಾರದು, ನೀರು ಮುನಿಯುತ್ತದೆ;
ಎರಡು ಬಕೆಟ್ ಹೊತ್ತು ದೂರ ತಂದೆ.

ಮೊದಲ ಚೀಲ ತಬ್ಬಿದರೂ ಸಿಗದಷ್ಟು ದೊಡ್ಡದು.
ಸೀಳಿದರೆ ಹಬೆ, ಹಬೆಯಲ್ಲಿ ಆಗಸ್ಟ್ ತಿಂಗಳ ವಾಸನೆ.
ಒಳಮೈ ಪೂರಾ ಟವೆಲಿನ ಎಳೆ.
ಕಣ್ಣಿಗೆ ಕಾಣದ ಊರೇ ಇದೆಯಂತೆ ಇಲ್ಲಿ
(ಮಗಳು ಎನೆರೆಲ್ ಶಾಲೆಯಿಂದ ತಂದ ಮಾತು):
ಹುಲ್ಲು ಅರಗಿಸುವುದು ಕುರಿಯಲ್ಲ,
ಕುರಿಯೊಳಗಿನ ಒಕ್ಕಲು.
ಉಂಡು ಬೆಳೆದ ಒಕ್ಕಲನ್ನು
ಕೊನೆಗೆ ಕುರಿಯೇ ಅರಗಿಸಿಕೊಳ್ಳುತ್ತದೆ.
ಯಾವ ಊರಿನ ಕಥೆ ಬೇರೆ?

ಎರಡನೆಯದು ಜೇನುಹುಟ್ಟು. ಭಾರದ್ದೆಲ್ಲ
ಅದರ ಕಣ್ಣುಗಳಲ್ಲಿ ತಂಗುತ್ತದೆ: ಮರಳು, ಒಂದು ತಂತಿಚೂರು,
ಮತ್ತೆ ಹಿತ್ತಾಳೆಯ ಗುಂಡಿ.
ಮಾವನ ಗುಂಡಿ! ಎರಡು ವರ್ಷ
ಮನೆಮಂದಿಯನ್ನೆಲ್ಲ ಅನುಮಾನಿಸಿದ್ದರು.

ಮೂರನೆಯದು ಹಾಳೆ ಹಾಳೆ.
ಓದುಬಾರದವಳು ಪುಸ್ತಕ ಹಿಡಿದಂತೆ
ಪುಟಪುಟಕ್ಕೂ ಬೆರಳಿಟ್ಟು ತೊಳೆದೆ.

ನಾಲ್ಕನೆಯದು ಬರೀ ಹೊಟ್ಟೆ. ನುಣುಪು, ಹುಳಿ. ನಮ್ಮಂಥದು.
ಇಲ್ಲಿ ಕೈ ನಿಂತಿತು.

ಮಾವ ದಂಬದರ್ಜಾ ಕುಸ್ತಿಯ ಕಾಲದಲ್ಲಿ
ಕೊಬ್ಬಿದ ಬಾಲವೊಂದನ್ನು ಒಬ್ಬರೇ ಮುಗಿಸುತ್ತಿದ್ದರು.
ಈ ವಸಂತದಲ್ಲಿ ಉಲಾನ್‌ಬಾತರಿನ ಆಸ್ಪತ್ರೆಯಲ್ಲಿ
ಮುಕ್ಕಾಲು ಕತ್ತರಿಸಿದರು.
ಡಾಕ್ಟರಮ್ಮ ಚೀಟಿಯ ಹಿಂದೆ ಬರೆದು ತೋರಿಸಿದಳು:
ಮೊಟ್ಟೆಯಷ್ಟು ಚೀಲ, ಅದಕ್ಕೆ ಹೊಲಿದ ಕರುಳು.
"ಇನ್ನು ಹಲ್ಲೇ ಹೊಟ್ಟೆ. ತುತ್ತಿಗೆ ನಲವತ್ತು ಸಲ ಅಗಿಯಿರಿ."

ಯಾರ ತಪ್ಪನ್ನೂ ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದ ಮನುಷ್ಯ.
ಈಗ ಜಾಗವಿಲ್ಲ. ಸಿಡುಕುತ್ತಾರೆ.
ಸಿಹಿ ತಿಂದರೆ ಬೆವರು, ಎದೆ ಡವಡವ,
ಕರುಳಿಗೆ ಎಲ್ಲವೂ ಒಮ್ಮೆಲೇ ಬಂದು ಬೀಳುತ್ತದೆ,
ಬಾಗಿಲು ಕಾಯುವವರಿಲ್ಲದ ಮನೆಗೆ ನೆಂಟರಂತೆ.

ನನ್ನ ಗಂಡ ಕುದುರೆಯ ಜಾತಿ.
ಕುದುರೆಗೆ ವಾಂತಿ ಬರುವುದಿಲ್ಲ,
ನುಂಗಿದ್ದು ನುಂಗಿದ್ದೇ.
ಆ ಕಾಯಿಲೆಯ ಹೆಸರು
ಅವನ ಬಾಯಿಂದ ಇನ್ನೂ ಹೊರಬಿದ್ದಿಲ್ಲ.

ತಿಂಗಳಿಗೊಮ್ಮೆ ದಾದಿ ಸೊಲೊಂಗೊ ಬೈಕಿನಲ್ಲಿ ಬರುತ್ತಾಳೆ.
ಸಿರಿಂಜಿನಲ್ಲಿ ಕೆಂಪು ಮದ್ದು, ಹರಳಿನಂಥ ಕೆಂಪು.
"ಇದನ್ನು ಕುರಿಯ ಒಕ್ಕಲು
ಪುಕ್ಕಟೆ ಮಾಡಿಕೊಡುತ್ತದೆ, ಅಜ್ಜಾ.
ಮಾಂಸದ ಜೊತೆ ನಿಮಗೂ ಬರುತ್ತದೆ.
ಬಂದಾಗ ಕೈಹಿಡಿದು ಒಳಗೆ ಕರೆಯುವವರು
ನಿಮ್ಮಲ್ಲಿ ಉಳಿದಿಲ್ಲ, ಅಷ್ಟೆ."
ಮಾವ ತೋಳು ಚಾಚಿ ಅತ್ತ ನೋಡುತ್ತಾರೆ.

ಒಲೆಗೆ ಒಣ ಸಗಣಿ ಹಾಕಿದೆ.
ಯಾಕ್ ಅರಗಿಸದೆ ಬಿಟ್ಟ ಹುಲ್ಲೇ
ನಮಗೆ ಬೆಂಕಿ.
ಕರುಳಿಗೆ ರಕ್ತ, ಕಾಡು ಈರುಳ್ಳಿ, ಉಪ್ಪು ತುಂಬಿ ಕಟ್ಟಿ ಬೇಯಿಸಿದೆ.
ಮಾವನಿಗೆ ಹೆಬ್ಬೆರಳಷ್ಟು ತುಂಡು, ಮೂರು ಚಮಚ ಸಾರು.

ತಟ್ಟೆ ಹಿಡಿದು ಎದ್ದುಹೋದರು.
ಹುಡುಕಿದರೆ ದೊಡ್ಡಿಯಲ್ಲಿ,
ಬೋಳುಕೋಡಿನ ಹಳೆಯ ಕುರಿಯ ಎದುರು ಕೂತಿದ್ದಾರೆ.
ಅದರ ಕೊರಳಲ್ಲಿ ಉಂಡೆಯೊಂದು ಮೇಲೇರಿತು,
ದವಡೆ ಅಡ್ಡಡ್ಡ ಆಡತೊಡಗಿತು.
ಇವರ ದವಡೆಯೂ.

ಗುಂಡಿ ಕೈಗಿಟ್ಟೆ. ಹೊಲಿದರೂ ಸರಿಹೋಗದು,
ನಿಲುವಂಗಿ ಈಗ ಎರಡು ಸುತ್ತು ಬರುತ್ತದೆ.
ತಿರುಗಿಸಿ ತಿರುಗಿಸಿ ನೋಡಿದರು, ಬೈಯಲಿಲ್ಲ.
ನುಂಗುವವರೆಗೆ ಕಾಯುವಂತೆ ಬೆರಳೆತ್ತಿದರು.
ಆಮೇಲೆ:

"ಅದರದು ಐವತ್ತೆಂಟು. ನನ್ನದು ನಲವತ್ತು.
ಅವಸರ ನನಗೇ ಇದೆ, ನೋಡು."