ಚುಕ್ಕಿ

ಶನಿವಾರ, ಮತ್ತೀಕೆರೆಯ ಒಂದು ಮಹಡಿ.
ಇಪ್ಪತ್ತು ಜನ, ಹದಿನಾಲ್ಕು ಕುರ್ಚಿ.
ಬೈಟೂ ಅಂದರೆ ಒಂದು ಕಾಫಿ, ಎರಡು ಫಾರಿನ್ ಕೀ
ಎಂದು ಯಾರೋ ನಗಿಸಿದರು.

ಆಮೇಲೆ ಪುಷ್ಪಲತಾ ಎದ್ದಳು,
ಹೆರಿಗೆ ಆಸ್ಪತ್ರೆಯೊಂದರ ಡೇಟಾಬೇಸ್ ನೋಡಿಕೊಳ್ಳುವವಳು.
ಪರದೆ ಮೇಲೆ ಒಂದೇ ಕಾಲಂ: ಗಂಡನ ಹೆಸರು.
ಖಾಲಿ ಬಿಡುವಂತಿಲ್ಲ ಎಂದು
ಯಾವ ಕಾಲದಲ್ಲೋ ಯಾರೋ ಬಿಗಿದ ನಿಯಮ.
ನಾನೂರ ಹನ್ನೆರಡು ಸಾಲಲ್ಲಿ
ಬರೀ ಚುಕ್ಕಿ.

ಕೌಂಟರಿನ ಹುಡುಗ ಕೇಳಿರಬೇಕು,
ಹಿಂದೆ ಕ್ಯೂ ಕೆಮ್ಮಿರಬೇಕು,
ಆಕೆ ಗೋಡೆಯ ಕ್ಯಾಲೆಂಡರು ನೋಡುತ್ತ ನಿಂತಿರಬೇಕು.
ಒಂದು ಕೀಲಿಯಲ್ಲಿ ಹಿಡಿಸುವಷ್ಟು ದಯೆ
ಅವನ ಬೆರಳಿಗೆ ಬಂದಿರಬೇಕು.

"ಚುಕ್ಕಿ ತೆಗೆದು ನಲ್ ಇಡಿ" ಅಂದೆ,
ತಿಳಿದವನ ಗತ್ತಲ್ಲಿ.
"ನಲ್ ಸೊನ್ನೆಯಲ್ಲ, ಖಾಲಿಯೂ ಅಲ್ಲ.
ಗೊತ್ತಿಲ್ಲ ಅಂತ."

"ಅವರಿಗೆ ಗೊತ್ತು ಸಾರ್.
ಹೇಳೋದು ಬೇಡ, ಅಷ್ಟೇ."

ಹತ್ತು ವರ್ಷ ಕ್ವೆರಿ ಬರೆದಿದ್ದೇನೆ.
ಅದಕ್ಕೊಂದು ಬೆಲೆ
ನನ್ನ ಯಾವ ಟೇಬಲ್ಲಲ್ಲೂ ಇರಲಿಲ್ಲ.
ಫ್ಯಾನು ಮಾತ್ರ ಕಿರುಗುಟ್ಟುತ್ತಿತ್ತು.

ಮುಂದಿನ ತಿಂಗಳು, ರಾತ್ರಿ ಹನ್ನೊಂದಕ್ಕೆ
ಅವಳ ಸಂದೇಶ:
ಒಪ್ಪಿಗೆ ಸಿಕ್ಕಿತು. ಬ್ಯಾಕಪ್ ತೆಗೆದೆ.
ಕಾಲಮ್ಮನ್ನೇ ಕಿತ್ತೆ.
ಕೈ ನಡುಗಿ ಎರಡು ಸಲ ಎಣಿಸಿದೆ ಸಾರ್,
ಎಲ್ಲರೂ ಇದ್ದಾರೆ.