ಅಕ್ಷರಗುಂಡು

ಭಾನುವಾರ. ದುರ್ಗದ ಹಾಸ್ಟೆಲಿನಲ್ಲಿ ನೀರಿಲ್ಲ, ಕರೆಂಟಿದೆ.
ಬೆಳಿಗ್ಗೆಯಿಂದ ಒಂದು ಸಾಲೂ ಪ್ರೋಗ್ರಾಂ ಬರೆದಿಲ್ಲ,
ಬರೆಯುವ ಎಡಿಟರಿಗೆ ಬಣ್ಣ ಹಚ್ಚುತ್ತಿದ್ದೇನೆ:
ಹಿನ್ನೆಲೆ ಕಡುನೀಲಿ, ಬ್ರಾಕೆಟ್ಟುಗಳು ಅರಿಸಿನ,
ತಪ್ಪಿನ ಕೆಳಗೆ ಕುಂಕುಮದ ಗೀರು.
ತಸ್ಲೀಮಾ ಎದ್ದು ಕಣ್ಣುಜ್ಜಿ ನೋಡಿ
"ಮದುವೆ ಯಾವತ್ತು ಇದಕ್ಕೆ?" ಅಂದಳು.

ನಲವತ್ತೊಂದು ಪ್ಲಗಿನ್. ಒಂದು ಹಾಕಿದರೆ ಇನ್ನೊಂದು ಬೇಕು,
ಅದಕ್ಕೆ ಮತ್ತೊಂದು.
ನಮ್ಮ ಮೇಷ್ಟ್ರು ಇದನ್ನು ಡಿಪೆಂಡೆನ್ಸಿ ಅನ್ನುತ್ತಾರೆ.
ಲೈಬ್ರರಿಯ ರಟ್ಟು ಹರಿದ ಪುಸ್ತಕ ತೃಷ್ಣೆ ಅನ್ನುತ್ತದೆ.
ನಾಳೆ ಕೊಡಬೇಕಾದದ್ದು ಬರೀ ಒಂದು ಲಿಂಕ್ಡ್ ಲಿಸ್ಟು.

ಮಧ್ಯಾಹ್ನ ಸಿಟ್ಟು ಬಂದು ಒಂದೊಂದೇ ಕಿತ್ತೆ.
ಎಷ್ಟನೆಯದನ್ನು ಕಿತ್ತಾಗ ಇದು ನನ್ನದಲ್ಲವಾಯಿತು?
ಉಳಿದದ್ದು ಖಾಲಿ ಹಾಳೆ, ಮಿಟುಕುವ ಒಂದು ಗೆರೆ.
ಇದೆ. ಇಲ್ಲ. ಇದೆ. ಇಲ್ಲ.

ದೀಪಾವಳಿ ರಜೆಗೆ ಮೊಳಕಾಲ್ಮೂರಿನಲ್ಲಿ
ಚಿಕ್ಕಮ್ಮನಿಗೆ ಇದನ್ನೇ ಕೇಳಿದ್ದೆ:
"ಲಾಳಿ ತೆಗೆದರೆ ಮಗ್ಗವಾ? ಹಣಿಗೆ ತೆಗೆದರೆ? ತುಳಿಮಣೆ?
ಎಲ್ಲ ತೆಗೆದಿಟ್ಟ ಮೇಲೆ ಮಗ್ಗ ಅನ್ನೋದು ಎಲ್ಲೈತೆ?"
ಗುಂಡಿಯೊಳಗೆ ಕಾಲಿಟ್ಟು ಕೂತವಳು ತಲೆ ಎತ್ತಲಿಲ್ಲ.
"ತೆಗೆದಾಕೆ ನೀನೇ ತಿರುಗಿ ಜೋಡಿಸಿ ಹೋಗು ತಾಯಿ,
ಶುಕ್ರವಾರ ಸೀರೆ ಕೊಡಬೇಕು."

ಅವಳ ನೆತ್ತಿಯ ಮೇಲೆ ಜಕಾರ್ಡಿನ ರಟ್ಟುಗಳು ಸರಪಳಿಯಾಗಿ ಸರಿಯುತ್ತವೆ.
ತೂತಿದ್ದಲ್ಲಿ ಸೂಜಿ ಹೊಕ್ಕು ಎಳೆ ಏಳುತ್ತದೆ,
ತೂತಿಲ್ಲದಲ್ಲಿ ಏಳದು.
ನವಿಲಿನ ಕಣ್ಣು ಅಂದರೆ ತೂತುಗಳ ಒಂದು ಕ್ರಮ ಅಷ್ಟೆ.
ಶೂನ್ಯ ಅಂದಾಗೆಲ್ಲ ನಾನು ಏನೂ ಇಲ್ಲ ಅಂದುಕೊಂಡಿದ್ದೆ.
ಇಲ್ಲಿ ಇಲ್ಲದ್ದೇ ಕೆಲಸ ಮಾಡುತ್ತಿತ್ತು.
ಎಂದೋ ಇಲಿ ಕಡಿದ ಒಂದು ರಟ್ಟಿನಿಂದ
ನಮ್ಮನೆ ನವಿಲಿಗೆ ಜುಟ್ಟು ಎರಡೇ ಎಳೆ.
ಬಳ್ಳಾರಿಯ ಸೇಟು ಈಗ ಅದನ್ನೇ ಬೇಕು ಅನ್ನುತ್ತಾನೆ.

ಮರುದಿನ ಚಿಕ್ಕಪ್ಪನ ಟಿವಿಎಸ್ ಮೇಲೆ ಬ್ರಹ್ಮಗಿರಿಗೆ.
ಪಾಲಯ್ಯ ಬೀಗ ತೆಗೆದ. ಎರಡು ಸಾವಿರ ವರ್ಷ ದಾಟಿದ ಬಂಡೆ,
ಮಲಗಿದ ಎಮ್ಮೆಯ ಬೆನ್ನಿನಂಥದು, ಮೈತುಂಬ ಅಕ್ಷರ.
"ನಮ್ಮಜ್ಜನ ಕಾಲಕ್ಕೆ ಓದಾಕೆ ಯಾರಿಗೂ ಬರ್ತಿರ್ಲಿಲ್ಲವ್ವ,
ಅಕ್ಷರಗುಂಡು ಅನ್ನೋರು. ಇದಕ್ಕೆ ನೀರು ಹುಯ್ದು
ಇಳಿದ ನೀರು ಹಿಡಿದು, ಕರ ಹಾಕದ ಎಮ್ಮಿಗೆ ಕುಡಿಸೋರು.
ಹಾಕ್ತಿತ್ತು."
ನಾನು ನಗಲಿಲ್ಲ.
ಅರ್ಥವಾಗದ ಕೋಡು ಎಲ್ಲಿಂದಲೋ ತಂದು ಅಂಟಿಸಿ
ಓಡಿತೆಂದು ಕೈಮುಗಿಯುವವಳು ನಾನೂ.

ಕೆತ್ತಿದ್ದು ಸರಳ: ತಂದೆತಾಯಿಯ ಮಾತು ಕೇಳು,
ಜೀವಗಳ ಮೇಲೆ ದಯೆಯಿರಲಿ, ನಿಜ ನುಡಿ.
ಇದೇ ಸಿದ್ದಾಪುರದ ಬಂಡೆಯಲ್ಲೂ, ಜಟಿಂಗರಾಮೇಶ್ವರದ ಬೆಟ್ಟದಲ್ಲೂ;
ಒಂದು ಸವೆದರೆ ಇನ್ನೊಂದಿರಲೆಂದು ಮೂರು ಪ್ರತಿ.
ಸಾಲೆಲ್ಲ ಎಡದಿಂದ ಬಲಕ್ಕೆ.
ಕಟ್ಟಕಡೆಯ ಒಂದೇ ಪದ ಬಲದಿಂದ ಎಡಕ್ಕೆ,
ಗಾಂಧಾರದ ಕಡೆಯ ಬೇರೊಂದು ಲಿಪಿಯಲ್ಲಿ:
ಲಿಪಿಕಾರನಿಂದ.

ಈ ಸೀಮೆಯಲ್ಲಿ ಅದನ್ನು ಓದಬಲ್ಲವನು
ಅವನೊಬ್ಬನೇ ಇದ್ದಿರಬೇಕು.
ಆಸೆ ಬಿಡಿ ಅಂದವನ ಹಾದಿ ಹಿಡಿದ ದೊರೆಯ ಮಾತನ್ನು
ಬಿಸಿಲಲ್ಲಿ ಅಕ್ಷರ ಅಕ್ಷರ ಬರೆದು ಮುಗಿಸಿ
ಕಡೆಗೆ ತನ್ನ ಕೈ ತಡೆಯಲಾಗಲಿಲ್ಲ ಅವನಿಗೆ.
ಅಥವಾ ಹೆಮ್ಮೆಯೇ ಅಲ್ಲವೇನೋ. ಹೊಸ ಪೆನ್ನು ಸಿಕ್ಕರೆ
ಮೂಲೆಯಲ್ಲಿ ಏನೋ ಗೀಚುತ್ತೇವಲ್ಲ, ಹಾಗೆ.
ಪಾಲಯ್ಯನನ್ನು ಕೇಳಿದೆ. ಅವನು ಬೀಗ ಹಾಕುತ್ತಿದ್ದ.

ರಾತ್ರಿ ಹನ್ನೊಂದು. ಬಣ್ಣವಿಲ್ಲದ ಹಾಳೆಯಲ್ಲಿ ಲಿಸ್ಟು ಬರೆದೆ.
ಪ್ರತಿಯೊಂದು ಗಂಟೂ ತನ್ನ ಮುಂದಿನದನ್ನಷ್ಟೇ ಬಲ್ಲದು,
ಕೊನೆಯದು ಏನನ್ನೂ ತೋರಿಸುವುದಿಲ್ಲ.
ಮೇಲೆ ಎರಡು ಓರೆಗೆರೆ ಎಳೆದು ಕನ್ನಡದಲ್ಲಿ ನನ್ನ ಹೆಸರು ಬರೆದೆ,
ಅಳಿಸಿದೆ, ಮತ್ತೆ ಬರೆದೆ.
ಕಂಪೈಲರ್ ಅದನ್ನು ಓದದೆ ದಾಟಿತು.
ಕಾರಿಡಾರಿನಿಂದ ತಸ್ಲೀಮಾ ಕೂಗಿದಳು:
"ನೀರು ಬಂತು ಕಣೇ, ಬಕೆಟ್ ತಗೊಂಡು ಓಡು!"