ಚಿಲಕ

ಸಿತ್ರಾದ ಶೆಡ್ಡಿನ ಹಿಂದೆ, ಶುಕ್ರವಾರ,
ನಮಾಜು ಮುಗಿಸಿ ಅವರೆಲ್ಲ ಬಂದ ಮೇಲೆ
ಬಿಚ್ಚಿ ನಿಲ್ಲಿಸಿದೆ:
ಕಂಪ್ರೆಸರ್ ಬಂದ ಪೆಟ್ಟಿಗೆಯ ಪೈನ್ ಹಲಗೆ,
ಯಾರದೋ ಮಗುವಿನ ಗಾಡಿಯ ಎರಡು ಚಕ್ರ,
ಉಳಿಗೊಂದು, ಸ್ಪ್ಯಾನರಿಗೊಂದು ಗೂಡು.
ಮಡಚಿದರೆ ಸೂಟ್‌ಕೇಸು, ಬಿಚ್ಚಿದರೆ ಕಾರ್ಖಾನೆ
ಎಂದೆ, ಸ್ವಲ್ಪ ಹೆಚ್ಚೇ ಜೋರಾಗಿ.

ಗುಲ್‌ಜಮೀನ್ ಖಾನ್ ಅದರ ಮೇಲೆ ಕೂತೇಬಿಟ್ಟ.
"ನಾನು ಕೂತರೂ ಮುರಿಯಲಿಲ್ಲ, ಇನ್ನೇನು ಬೇಕು?"
ಕುಂಞಪ್ಪುವಿಗೆ ಬಣ್ಣ ಹಿಡಿಸಲಿಲ್ಲ.
ಫೋರ್‌ಮನ್ ಟೇಪು ಹಿಡಿದು ಎರಡೆರಡು ಸಲ ಅಳೆದ:
"ಲಿಫ್ಟಿನೊಳಗೆ ಹೋಗಲ್ಲ, ಆಚಾರಿ.
ನಾಲ್ಕು ಬೆರಳು ಕೊಯ್ದುಬಿಡು"
ಅಂದವನೇ ನಾಲಿಗೆ ಕಚ್ಚಿಕೊಂಡ.

ಮಫಿಜುಲ್ ಏನೂ ಹೇಳಲಿಲ್ಲ.
ಎಡಗೈಯಲ್ಲಿ ಹಲಗೆ ಒತ್ತಿ,
ಬಲಗೈಯಲ್ಲಿ ಗರಗಸ ಉಳಿಸಿದ ಎರಡು ಬೆರಳಿಂದ
ಚಿಲಕ ತೆಗೆಯಲು ನೋಡಿದ.
ಇನ್ನೊಮ್ಮೆ.
ಆಮೇಲೆ ನಕ್ಕು, ಚೆನ್ನಾಗಿದೆ ಭಾಯಿ, ಎಂದು
ಚಹಾ ತರಲು ಹೋದ.

ರಾತ್ರಿ, ಏಸಿಯ ಗೊರಗೊರದ ಕೆಳಗೆ,
ಮೂರು ದೀನಾರಿನ ಹಿತ್ತಾಳೆ ಚಿಲಕ ಕಿತ್ತೆ.
ಮರದ್ದೇ ಒಂದು ಸನ್ನೆ ಕೆತ್ತಿ ಕೂರಿಸಿ,
ನನ್ನ ಬಲಗೈಯ ಮೂರು ಬೆರಳಿಗೆ
ಕರೀ ಟೇಪು ಸುತ್ತಿಕೊಂಡು
ತೆಗೆದೆ. ಬರಲಿಲ್ಲ. ಕೆತ್ತಿದೆ. ತೆಗೆದೆ.
ಹನ್ನೊಂದನೇ ಸಲಕ್ಕೆ ಟಕ್ಕೆಂದು ಬಂತು.

ಲಿಫ್ಟಿನ ವಿಷಯ ನಾಳೆ ನೋಡೋಣ.